ತಲೆ ಎಣಿಸಿ ಅಲ್ಲ, ರೋಗದ ಹೊರೆ ನೋಡಿ ಅನುದಾನ ಕೊಡಿ: ಉಚ್ಚಂಗಿದುರ್ಗ ನಾಗರಿಕರ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು,
ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ

ಇವರಿಂದ,
ಉಚ್ಚಂಗಿದುರ್ಗ ಹಾಗೂ ಸುತ್ತಲಿನ ಗ್ರಾಮ, ತಾಂಡಾಗಳ ನಾಗರಿಕರು,
ಹರಪನಹಳ್ಳಿ ತಾಲ್ಲೂಕು, ವಿಜಯನಗರ ಜಿಲ್ಲೆ

ವಿಷಯ: ಆರೋಗ್ಯ ಕ್ಷೇತ್ರದ ಅನುದಾನವನ್ನು ರೋಗದ ಹೊರೆಯ ಆಧಾರದ ಮೇಲೆ ಹಂಚಿಕೆ ಮಾಡುವ ಕುರಿತು.

ಮಾನ್ಯರೇ,

ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಎಂಬುದು ಸರ್ಕಾರದ ಮಾನದಂಡ. ಆ ಜನರಲ್ಲಿ ಕಾಯಿಲೆಯವರು ಎಷ್ಟು ಎಂದು ಈ ಲೆಕ್ಕ ಕೇಳುವುದಿಲ್ಲ. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ನಮ್ಮ ತಾಲ್ಲೂಕನ್ನು ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ ಸೇರಿಸಿತು. ಅದಕ್ಕೆ ನಾವು ಋಣಿಗಳು. ಆದರೆ ಆರೋಗ್ಯದ ವಿಚಾರದಲ್ಲಿ ಅದು ಅಳೆದದ್ದೂ ಜನಸಂಖ್ಯೆಗೆ ಎಷ್ಟು ವೈದ್ಯರು, ಎಷ್ಟು ಸರ್ಕಾರಿ ಹಾಸಿಗೆ ಎಂಬುದನ್ನೇ.

ನಮ್ಮ ಭಾಗದಲ್ಲಿ ಕಾಯಿಲೆ ಕೊಳವೆಬಾವಿಯಿಂದಲೇ ಶುರುವಾಗುತ್ತದೆ. ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಸರ್ಕಾರಕ್ಕೆ ಹೊಸ ಸುದ್ದಿಯಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು ಎಂಬ ನಿಯಮವಿದೆ. ಅಂಥ ನೀರನ್ನೇ ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಮೂಡುತ್ತದೆ. ವರ್ಷಗಟ್ಟಲೆ ಕುಡಿದವರ ಸೊಂಟ, ಮೊಣಕಾಲು ಹಿಡಿಯುತ್ತವೆ. ಕಳೆ ತೆಗೆಯಲು ಬಗ್ಗಲಾಗದವರನ್ನು ಕೂಲಿಗೆ ಕರೆಯುವವರಿಲ್ಲ. ಮೂಳೆಗೆ ಇಳಿದ ಫ್ಲೋರೈಡ್‌ನ ಈ ರೋಗ ವಾಸಿಯಾಗುವುದಿಲ್ಲ. ನೋವಿನ ಮಾತ್ರೆ ಮಾತ್ರ ಬದುಕಿನುದ್ದಕ್ಕೂ ಬೇಕು. ಮೇಲಿಂದ ಬಿಪಿ, ಸಕ್ಕರೆ ಕಾಯಿಲೆ. ಮಲೆನಾಡಿನ ಕಾಫಿ ತೋಟಗಳಿಗೆ ಗುಳೆ ಹೋಗುವ ತಾಂಡಾದವರಿಗೆ ನಡುವೆಯೇ ಮಾತ್ರೆ ತಪ್ಪುತ್ತದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ನಿಜ. ಅದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗೆ. ತಿಂಗಳ ಮಾತ್ರೆ, ರಕ್ತ ಪರೀಕ್ಷೆ, ಬಸ್ ಚಾರ್ಜು, ತಪ್ಪಿದ ಕೂಲಿ ಎಲ್ಲವೂ ಮನೆಯವರ ಮೇಲೆಯೇ ಬೀಳುತ್ತವೆ. 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39.4ರಷ್ಟನ್ನು ಜನ ಕೈಯಿಂದಲೇ ಭರಿಸಿದ್ದಾರೆಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರವೇ ಹೇಳುತ್ತದೆ. ರೋಗ ಹೆಚ್ಚಿರುವ ಊರಿಗೂ ಕಡಿಮೆ ಇರುವ ಊರಿಗೂ ಸರ್ಕಾರ ಒಂದೇ ಸಮ ಕೊಟ್ಟರೆ, ಕಡಿಮೆ ಬಿದ್ದದ್ದನ್ನು ಬಡವರು ಸಾಲ ಮಾಡಿ ತುಂಬುತ್ತಾರೆ. ಇದನ್ನು ಸಮಾನತೆ ಎನ್ನಲು ನಾವು ಒಪ್ಪುವುದಿಲ್ಲ.

ತಲೆ ಎಣಿಕೆಗೆ ಕಾಣದ ಸಂಗತಿಗಳು ಇನ್ನೂ ಇವೆ. ನಮ್ಮ ತಾಲ್ಲೂಕು 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲಾ ಕೇಂದ್ರ ಹೊಸಪೇಟೆ ದೂರವಾದ್ದರಿಂದ ರೋಗಿಗಳು ಈಗಲೂ ದಾವಣಗೆರೆಯ ಬಸ್ಸನ್ನೇ ಹತ್ತುತ್ತಾರೆ. ಭರತ ಹುಣ್ಣಿಮೆಗೆ ನಮ್ಮೂರಿನ ಉಚ್ಚೆಂಗೆಮ್ಮ ದೇವಿಯ ಗುಡ್ಡಕ್ಕೆ ಬರುವ ಭಕ್ತಸಾಗರವೂ ಯಾವ ಜನಸಂಖ್ಯೆಯ ಲೆಕ್ಕದಲ್ಲೂ ಇಲ್ಲ.

ರೋಗದ ಅಳತೆಯಿಂದ ಹಣ ಹಂಚುವುದು ಆಗದ ಕೆಲಸವೇನಲ್ಲ. ಪ್ರದೇಶವಾರು ಮರಣ ಪ್ರಮಾಣವನ್ನು ಸೇರಿಸಿ ಆರೋಗ್ಯದ ಹಣ ಹಂಚುವ ಸೂತ್ರವನ್ನು ಇಂಗ್ಲೆಂಡ್ 1976ರಲ್ಲೇ ರೂಪಿಸಿತು. ಆಶಾ ಕಾರ್ಯಕರ್ತೆಯರ ಮನೆ ಸಮೀಕ್ಷೆ, ಬಿಪಿ–ಸಕ್ಕರೆ ತಪಾಸಣೆ ಮತ್ತು ನೀರಿನ ಪರೀಕ್ಷೆಯ ವರದಿಗಳನ್ನು ಒಟ್ಟುಗೂಡಿಸಿದರೆ ನಮ್ಮಲ್ಲೂ ಪಂಚಾಯಿತಿವಾರು ರೋಗದ ಚಿತ್ರ ಸಿಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು:

1. ಮಂಡಳಿಯ ಆರೋಗ್ಯ ಅನುದಾನದ ಹಂಚಿಕೆಗೆ ರೋಗದ ಹೊರೆಯ ಸೂಚ್ಯಂಕ ಸಿದ್ಧಪಡಿಸಬೇಕು. ಮೊದಲ ಪ್ರಯೋಗ ಹರಪನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳಲ್ಲೇ ಆಗಲಿ, ಅದರ ವರದಿಯನ್ನು ಗ್ರಾಮಸಭೆಯಲ್ಲಿ ಓದಲಿ.

2. ಫ್ಲೋರೈಡ್ ಇರುವ ಪ್ರತಿ ಹಳ್ಳಿಗೂ, ತಾಂಡಾಕ್ಕೂ ತುಂಗಭದ್ರಾ ನದಿಯ ನೀರು ಬರಬೇಕು. ಅಲ್ಲಿಯವರೆಗೆ ಶುದ್ಧ ನೀರಿನ ಘಟಕಗಳ ರಿಪೇರಿಗೆ ಪ್ರತ್ಯೇಕ ಹಣ ಇಡಬೇಕು. ಇದರಿಂದಲೇ ಮುಂದಿನ ಪೀಳಿಗೆಯ ಔಷಧದ ಖರ್ಚು ಉಳಿತಾಯವಾಗುತ್ತದೆ.

3. ಬಿಪಿ, ಸಕ್ಕರೆ, ಕೀಲುನೋವಿನವರಿಗೆ ಪೂರ್ತಿ ತಿಂಗಳ ಮಾತ್ರೆ ಊರಲ್ಲೇ ಸಿಗಬೇಕು; ಗುಳೆ ಹೋಗುವವರಿಗೆ ಮೂರು ತಿಂಗಳದ್ದು.

4. ಜಾತ್ರೆ, ಹುಣ್ಣಿಮೆಗಳಿಗೆ ಹೆಚ್ಚುವರಿ ಸಿಬ್ಬಂದಿ, ಆಂಬುಲೆನ್ಸ್ ಬೇಕು.

ಸಂವಿಧಾನದ 371(ಜೆ) ವಿಧಿಯ ಸೌಲಭ್ಯ ನಮ್ಮ ತಾಲ್ಲೂಕಿಗೆ ತಡವಾಗಿ ದಕ್ಕಿದೆ. ಇನ್ನಷ್ಟು ತಡವಾಗದಂತೆ ಈ ಮನವಿಯನ್ನು ಮಂಡಳಿಯ ಮುಂದಿನ ಸಭೆಯ ಕಾರ್ಯಸೂಚಿಗೆ ಸೇರಿಸಿ, ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ತಮ್ಮ ವಿಶ್ವಾಸಿಗಳು,
ಉಚ್ಚಂಗಿದುರ್ಗ ಹಾಗೂ ಸುತ್ತಲಿನ ಗ್ರಾಮಗಳ ನಾಗರಿಕರು