ಗೋಧಿಹೊಲದ ನಡುವಿನ ದಾರಿ



ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ, ಜುಲೈ ತಿಂಗಳ ಒಂದು ಬೆಳಿಗ್ಗೆ ಕಾಟ್ಸ್‌ವೋಲ್ಡ್ಸ್ ಸೀಮೆಯ ಬೋರ್ಟನ್ನಿನಿಂದ ಲೋವರ್ ಸ್ಲಾಟರ್ ಗ್ರಾಮದತ್ತ ನಡೆದೆ. ಕಾಲುದಾರಿಯೊಂದು ಮಾಗಿದ ಗೋಧಿಹೊಲವನ್ನೇ ಸೀಳಿಕೊಂಡು ಸಾಗಿತ್ತು. ಎದುರಾದ ರೈತ ಗದರಲಿಲ್ಲ. ಗುಡ್ ಮಾರ್ನಿಂಗ್ ಎಂದ.

ಇದನ್ನು ಕೇಳಿದವರೆಲ್ಲ 'ಅವರ ಸಂಸ್ಕಾರವೇ ಹಾಗೆ' ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಅದು ಸಂಸ್ಕಾರಕ್ಕಿಂತ ಮಿಗಿಲಾಗಿ ಕಾನೂನು. ಹೊಲದ ನಡುವಿನ ಸಾರ್ವಜನಿಕ ಕಾಲುದಾರಿಯನ್ನು ಬಿತ್ತನೆಗಾಗಿ ಉತ್ತರೆ, 14 ದಿನಗಳೊಳಗೆ ಮತ್ತೆ ನಡೆಯುವಂತೆ ಸರಿಪಡಿಸಲೇಬೇಕು. ಹಕ್ಕುಗಳು ಅಲ್ಲಿಯೂ ಪುಕ್ಕಟೆ ದೊರೆತಿಲ್ಲ. ಬೆಟ್ಟಬಯಲುಗಳಲ್ಲಿ ನಡೆಯುವ ಹಕ್ಕನ್ನು ಕೇಳಿ 1932ರಲ್ಲಿ ನೂರಾರು ಮಂದಿ ಕಿಂಡರ್ ಸ್ಕೌಟ್ ಏರಿದರು. ಐವರು ಸೆರೆಮನೆ ಕಂಡರು. ಕಾಲುದಾರಿಗಳನ್ನೆಲ್ಲ ನಕ್ಷೆಯಲ್ಲಿ ದಾಖಲಿಸಬೇಕೆಂದು 1949ರ ಕಾಯಿದೆ ವಿಧಿಸಿತು.

ನಮ್ಮ ಗ್ರಾಮನಕಾಶೆಗಳಲ್ಲೂ ಬಂಡಿದಾರಿ, ಕಾಲುದಾರಿಗಳ ಗೆರೆಗಳಿವೆ. ಬಾಲ್ಯದಲ್ಲಿ ನಾನು ಶಾಲೆಗೆ ನಡೆದ ದಾರಿಯೂ ಅಲ್ಲಿದೆ. ನೆಲದ ಮೇಲೆ ಮಾತ್ರ ತಂತಿಬೇಲಿಯಿದೆ. ಬೇಲಿ ಹಾಕಿದವರನ್ನಷ್ಟೇ ದೂರಿ ಫಲವೇನು? ಸುತ್ತುಬಳಸಿ ನಡೆದು ಸುಮ್ಮನಾದವರು ನಾವು. ಅವರಲ್ಲಿ ನಾನೂ ಒಬ್ಬ.

ಮುಂದಿನ ಸಲ ಊರಿಗೆ ಹೋದಾಗ ನಕಾಶೆ ತೆಗೆಸಿ ನೋಡಿ. ದಾರಿಯಿದ್ದರೆ ಕೇಳಿ ಪಡೆಯಿರಿ, ನಡೆಯಿರಿ. ಯಾರೂ ನಡೆಯದ ದಾರಿ ಉಳಿಯದು.