ಬೀಗದ ಕೈ ಯಾರ ಸೆರಗಿನಲ್ಲಿ?

ನಮ್ಮ ಸೀಮೆಯ ಒಂದು ಗ್ರಾಮ ಪಂಚಾಯಿತಿ ಕಚೇರಿ. ಹೆಸರು ಬೇಡ. ಹೊಸದುರ್ಗದವರು ಓದಿದರೆ ಹೊಳಲ್ಕೆರೆ ಕಡೆಯದು ಅನ್ನುತ್ತಾರೆ, ಹೊಳಲ್ಕೆರೆಯವರು ಹಿರಿಯೂರಿನ ಕಡೆ ಬೆರಳು ತೋರಿಸುತ್ತಾರೆ. ಮನೆಯ ಖಾತೆ ಕಾಗದಕ್ಕೆಂದು ಹೋಗಿದ್ದೆ. ಆಪರೇಟರ್ ಹುಡುಗ ಮೇಜಿನ ಡ್ರಾಯರ್ ಎಳೆದ. ಒಳಗೆ ರಬ್ಬರ್ ಸ್ಟಾಂಪು, ಅರ್ಧ ಕಟ್ಟಿನ ಎಲೆ, ಅಡಿಕೆ ಚೂರು, ಅವುಗಳ ನಡುವೆ ಎರಡು ಡೋಂಗಲ್. ಒಂದಕ್ಕೆ ಬಿಳಿ ಪ್ಲಾಸ್ಟರ್ ಸುತ್ತಿ 'ಅಧ್ಯಕ್ಷರು' ಎಂದು ಬರೆದಿತ್ತು. ಅದರ ಹಿಂಬದಿಗೇ ಪಿನ್ ನಂಬರು.

"ಅಧ್ಯಕ್ಷರು ಬಂದಿಲ್ವಾ?"

"ಅವ್ರ್ಯಾಕೆ ಬರ್ಬೇಕು ಸಾರ್? ಯಜಮಾನ್ರು ಫೋನ್ ಮಾಡಿದ್ರು, ಹಾಕ್ಬಿಡು ಅಂದ್ರು."

ಅಧ್ಯಕ್ಷರ ಸಹಿ ಹಾಕಿಬಿಟ್ಟ. ನಾನು ನನ್ನ ಕಾಗದ ಮಡಿಚಿಕೊಂಡು ಸುಮ್ಮನೆ ಎದ್ದು ಬಂದೆ. ಬಸ್ಸಿನಲ್ಲಿ ಕೂತ ಮೇಲೆ ನಾಚಿಕೆಯಾಯಿತು. ಅಂದು ಆಡದ ಮಾತನ್ನು ಈಗ ಆಡುತ್ತಿದ್ದೇನೆ.

ಆ ಡೋಂಗಲ್ ಎಂದರೇನು ಎಂದು ಮೊದಲು ಹೇಳಬೇಕು, ಅದನ್ನು ಪೆನ್‌ಡ್ರೈವ್ ಎಂದುಕೊಂಡವರೇ ಹೆಚ್ಚು. ಅದರೊಳಗಿನ ಚಿಪ್ಪಿನಲ್ಲಿ ಒಂದು ಗುಟ್ಟಿನ ಸಂಖ್ಯೆ ಹುಟ್ಟುತ್ತದೆ, ಹುಟ್ಟಿದಲ್ಲೇ ಸಾಯುತ್ತದೆ. ಅದನ್ನು ನಕಲು ಮಾಡಲಾಗದು, ಹೊರಗೆ ತೆಗೆಯಲಾಗದು. ಅದರ ಜೋಡಿಯಾದ ಬಹಿರಂಗ ಸಂಖ್ಯೆ ಮಾತ್ರ ಲೋಕಕ್ಕೆ ಗೊತ್ತು. ಬಿಲ್ಲಿನ ಮೇಲೆ ಗುಟ್ಟಿನ ಸಂಖ್ಯೆ ಸಹಿ ಹಾಕುತ್ತದೆ, ಬಹಿರಂಗ ಸಂಖ್ಯೆ ಆ ಸಹಿ ನಿಜವೇ ಎಂದು ತಾಳೆ ನೋಡುತ್ತದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಈ ಸಹಿಗೆ ಕೈಬರಹದ ಸಹಿಯಷ್ಟೇ ಬೆಲೆ ಕೊಟ್ಟಿದೆ. ಅದೇ ಕಾಯ್ದೆಯ 42ನೇ ಕಲಂ ಆ ಗುಟ್ಟಿನ ಕೀಲಿಯನ್ನು ಕೈತಪ್ಪದಂತೆ ಕಾಯುವ ಹೊಣೆಯನ್ನು ಒಡೆಯರ ಮೇಲೆ ಹೊರಿಸಿದೆ. ಇನ್ನೊಬ್ಬರ ಡಿಜಿಟಲ್ ಸಹಿಯನ್ನು ಮೋಸದಿಂದ ಬಳಸಿದರೆ 66ಸಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. 2020ರ ಏಪ್ರಿಲ್‌ನಲ್ಲಿ ಪಂಚಾಯಿತಿಗಳ ಇ-ಗ್ರಾಮ್‌ಸ್ವರಾಜ್ ಜಾಲತಾಣ ಬಂದ ಮೇಲೆ ಹಣಕಾಸು ಆಯೋಗದ ಅನುದಾನ ಚೆಕ್ಕಿನಲ್ಲಿ ಓಡಾಡುವುದು ನಿಂತಿತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಒಂದು ಕೀಲಿ, ಅಧ್ಯಕ್ಷರು ಇನ್ನೊಂದು ಕೀಲಿ. ಎರಡೂ ತಿರುಗಿದರೆ ದುಡ್ಡು ಹೊರಡುತ್ತದೆ. ಒಬ್ಬರನ್ನೊಬ್ಬರು ಕಾಯಲೆಂದೇ ಎರಡು. ಎರಡೂ ಒಂದೇ ಡ್ರಾಯರಿನಲ್ಲಿದ್ದರೆ ಎರಡೇಕೆ ಬೇಕಿತ್ತು?

ಕೀಲಿಗೆ ಕನ್ನಡದಲ್ಲಿ ಒಂದು ಚೆಂದದ ಮಾತಿದೆ: ಬೀಗದ ಕೈ. ಬೀಗಕ್ಕೂ ಒಂದು ಕೈ ಬೇಕೆಂದು ಹಿಂದಿನವರು ಬಲ್ಲರು. ಆ ಕೈಯನ್ನು ಕಂಡವರಿಗೆ ಕೊಟ್ಟರೆ ಏನೆನ್ನುತ್ತಾರೆ ನೋಡಿ. 'ಕೈ ಕೊಟ್ಟರು' ಎನ್ನುತ್ತಾರೆ.

ಉಗ್ರಾಣದ, ಪೆಟ್ಟಿಗೆಯ ಬೀಗದ ಕೈ ಗೊಂಚಲು ನಮ್ಮ ಮನೆಗಳಲ್ಲಿ ಅತ್ತೆಯ ಸೊಂಟದಲ್ಲಿರುತ್ತಿತ್ತು. ಅದು ಸೊಸೆಯ ಸೆರಗಿಗೆ ಬಂದ ದಿನ ಮನೆಯ ಯಜಮಾನಿಕೆ ಬದಲಾಯಿತೆಂದೇ ಲೆಕ್ಕ. ಕೊಬ್ಬರಿ ಮಾರಿದ ದುಡ್ಡು ಯಾವ ಡಬ್ಬಿಯ ತಳದಲ್ಲಿದೆ ಎಂದು ಗಂಡನಿಗೇ ಗೊತ್ತಿರದ ಮನೆಗಳು ಹೊಸದುರ್ಗದ ಸುತ್ತ ಈಗಲೂ ಇವೆ. ಅಂಥ ಹೆಂಗಸಿಗೆ ಪಂಚಾಯಿತಿಯ ಬೀಗದ ಕೈ ಮಾತ್ರ ಭಾರವಾದದ್ದು ಹೇಗೆ? ಭಾರವಾಗಲಿಲ್ಲ. ಕಿತ್ತುಕೊಂಡರು. 'ನಿನಗೇನು ತಿಳಿಯುತ್ತೆ' ಎಂದರು. ಊರವರು ಆಕೆಯ ಗಂಡನನ್ನೇ 'ಅಧ್ಯಕ್ಷರೇ' ಎಂದು ಕರೆದು ನಮಸ್ಕಾರ ಹಾಕಿದರು. ನಾನೂ ಹಾಕಿದ್ದೇನೆ.

ಸಚಿವ ನಜೀರ್ ಸಾಬರ ಕಾಲದ ಮಂಡಲ ಪಂಚಾಯಿತಿ ಚುನಾವಣೆ ನಡೆದದ್ದು 1987ರಲ್ಲಿ. ದೇಶದ ಹೆಚ್ಚಿನ ಕಡೆ ಇನ್ನೂ ಯೋಚಿಸದ ಹೊತ್ತಿನಲ್ಲಿ ಕರ್ನಾಟಕ ಹೆಣ್ಣುಮಕ್ಕಳಿಗೆ ಶೇ 25 ಸ್ಥಾನ ಕೊಟ್ಟಿತು. ಈಗ ಅದು ಅರ್ಧಕ್ಕೆ ಬಂದಿದೆ. ಕುರ್ಚಿ ಸಿಕ್ಕಿತು, ಕೀಲಿ ಸಿಗಲಿಲ್ಲ.

ಇದನ್ನೆಲ್ಲ ಚಿತ್ರದುರ್ಗದಲ್ಲಿ ನಿಂತು ಹೇಳಬೇಕಾಗಿ ಬಂದದ್ದೇ ಸಂಕಟ. ಏಳು ಸುತ್ತಿನ ಕೋಟೆಗೆ ಹೈದರಾಲಿಯ ಪಡೆ ಹುಡುಕಿಕೊಂಡದ್ದು ಮಹಾದ್ವಾರವನ್ನಲ್ಲ, ಒಬ್ಬೊಬ್ಬರೇ ನುಸುಳುವಷ್ಟು ಕಿಂಡಿಯನ್ನು. ಕಾವಲಿನವನು ಊಟಕ್ಕೆ ಕೂತಿದ್ದ. ನೀರಿಗೆ ಹೋದ ಅವನ ಹೆಂಡತಿ ಓಬವ್ವ ಕಂಡಳು, ಒನಕೆ ಹಿಡಿದು ನಿಂತಳು. 2021ರಿಂದ ಪ್ರತಿ ನವೆಂಬರ್ 11ರಂದು ಸರ್ಕಾರಿ ಕಚೇರಿಗಳಲ್ಲಿ ಓಬವ್ವನ ಪಟಕ್ಕೆ ಹಾರ ಹಾಕುತ್ತೇವೆ. ಆ ಪಟದ ಕೆಳಗಿನ ಮೇಜಿನ ಡ್ರಾಯರಿನಲ್ಲಿ ಇನ್ನೊಬ್ಬ ಹೆಂಗಸಿನ ಒನಕೆ ಬಿದ್ದಿರುತ್ತದೆ, ಪ್ಲಾಸ್ಟರ್ ಸುತ್ತಿಕೊಂಡು.

ಈಗ ಈ ಸೀಮೆಯಿಂದ ಹೊರಟು ಬೆಂಗಳೂರಿನಲ್ಲಿ ಕೋಡ್ ಬರೆಯುತ್ತಿರುವ ಹುಡುಗ ಹುಡುಗಿಯರೇ, ನಿಮ್ಮ ಕಡೆ ತಿರುಗುತ್ತೇನೆ. ನಿಮ್ಮ ಕಂಪನಿಯಲ್ಲಿ ನಿಮಗೂ ಹೆಬ್ಬೆರಳಿನಷ್ಟರ ಒಂದು ಕೀಲಿ ಕೊಟ್ಟಿರಬಹುದು. ಅದು ಪಂಚಾಯಿತಿ ಡೋಂಗಲ್‌ನ ತಂಗಿ, ಆದರೆ ಅಕ್ಕನಿಗಿಂತ ಚುರುಕು. ತಾನು ಯಾವ ಜಾಲತಾಣದ ಬಾಗಿಲಲ್ಲಿ ನಿಂತಿದ್ದೇನೆ ಎಂಬುದು ಅದಕ್ಕೆ ಗೊತ್ತು. ಬ್ಯಾಂಕಿನ ಹೆಸರಿನಲ್ಲಿ ಒಂದಕ್ಷರ ಬದಲಿಸಿ ಕಟ್ಟಿದ ಕಳ್ಳ ತಾಣಕ್ಕೆ ಮನುಷ್ಯ ಪಾಸ್‌ವರ್ಡ್ ಕೊಟ್ಟುಬಿಡುತ್ತಾನೆ, ಒಟಿಪಿಯನ್ನೂ ಓದಿ ಹೇಳುತ್ತಾನೆ. ಕೀಲಿ ಬಾಯಿ ಬಿಡುವುದಿಲ್ಲ. ಗೂಗಲ್ ತನ್ನ 85,000ಕ್ಕೂ ಹೆಚ್ಚು ನೌಕರರಿಗೆ ಇಂಥ ಕೀಲಿ ಕಡ್ಡಾಯ ಮಾಡಿದ ಮೇಲೆ ಒಬ್ಬರ ಖಾತೆಯೂ ಅಂಥ ಗಾಳಕ್ಕೆ ಬೀಳಲಿಲ್ಲ ಎಂದು 2018ರಲ್ಲಿ ಹೇಳಿತು. ವೆಬ್‌ಆಥನ್ ಎಂಬ ಇದರ ನಿಯಮಾವಳಿ 2019ರ ಮಾರ್ಚ್‌ನಿಂದ ಎಲ್ಲರಿಗೂ ಮುಕ್ತ. ಬ್ರೌಸರಿಗೆ ನೀವು ಕೊಡಬೇಕಾದದ್ದು ಎರಡೇ ಕರೆ, ನೋಂದಣಿಗೆ ಕ್ರಿಯೇಟ್, ಪ್ರವೇಶಕ್ಕೆ ಗೆಟ್. (ನನ್ನದು ಮೂರನೆಯ ಕರೆ ಎಂದುಕೊಳ್ಳಿ.)

ನಿಮ್ಮ ಊರಿನ ಸಹಕಾರ ಸಂಘಕ್ಕೆ, ಅಡಿಕೆ ಮಂಡಿಗೆ, ಹಾಲಿನ ಡೈರಿಗೆ ಲೆಕ್ಕದ ತಂತ್ರಾಂಶ ಬರೆದುಕೊಡಿ ಎಂದು ನಿಮ್ಮ ಮಾವನೋ ಚಿಕ್ಕಪ್ಪನೋ ಕೇಳಿಯೇ ಕೇಳುತ್ತಾರೆ. ಆಗ ಹಳೇ ಪಾಸ್‌ವರ್ಡ್ ಪೆಟ್ಟಿಗೆಯನ್ನೇ ಅಂಟಿಸಿ ಕೈತೊಳೆದುಕೊಳ್ಳಬೇಡಿ. ಪ್ರತಿ ಪ್ರವೇಶಕ್ಕೂ ಕೀಲಿ ಸಹಿ ಹಾಕಬೇಕಾದ ಹೊಸ ಸವಾಲು ಹುಟ್ಟಿಸಿ, ಕನಿಷ್ಠ 16 ಬೈಟ್, ಒಮ್ಮೆ ಬಳಸಿ ಎಸೆಯಿರಿ. ಹಣ ಹೊರಡುವ ಕಡೆಯಲ್ಲಿ ಮೊತ್ತವನ್ನೂ ಪಡೆಯುವವರ ಹೆಸರನ್ನೂ ಆ ಸವಾಲಿನೊಳಗೇ ಹೆಣೆಯಿರಿ, ಆಗ ಒಂದು ಬಿಲ್ಲಿನ ಸಹಿ ಇನ್ನೊಂದಕ್ಕೆ ಅಂಟದು. ಒಬ್ಬೊಬ್ಬರಿಗೂ ಎರಡು ಕೀಲಿ ನೋಂದಾಯಿಸಿ. ಒಂದೇ ಕೊಟ್ಟು ಅದು ಕಳೆದುಹೋದಾಗ 'ಪಾಸ್‌ವರ್ಡ್ ಮರೆತಿರಾ' ಎಂಬ ಕಿಂಡಿ ತೆರೆದಿಟ್ಟರೆ ಏಳು ಸುತ್ತು ಕಟ್ಟಿದ್ದೂ ದಂಡ. ಮತ್ತು ದಯವಿಟ್ಟು, ಸಹಿ ಕೇಳುವ ಪರದೆಯಲ್ಲಿ ಕನ್ನಡದಲ್ಲಿ ಬರೆಯಿರಿ: ಇಷ್ಟು ರೂಪಾಯಿ, ಇಂಥವರಿಗೆ, ಇಂಥ ಕೆಲಸಕ್ಕೆ. 'ನಿನಗೇನು ತಿಳಿಯುತ್ತೆ' ಎಂಬ ಮಾತಿಗೆ ನಿಮ್ಮ ಇಂಗ್ಲಿಷ್ ಪರದೆ ಎಷ್ಟು ಬಲ ಕೊಟ್ಟಿದೆ ಗೊತ್ತೇ?

ಬೆರಳಚ್ಚು ಸಾಕಲ್ಲ ಎನ್ನುವವರಿಗೆ 2023 ನೆನಪಿರಲಿ. ಆಸ್ತಿ ನೋಂದಣಿಯ ಕಾವೇರಿ ತಂತ್ರಾಂಶದಲ್ಲಿದ್ದ ಪತ್ರಗಳಿಂದ ಬೆರಳಚ್ಚು ಎತ್ತಿ, ಆಧಾರ್ ಪಾವತಿಯ ಮೂಲಕ ಜನರ ಖಾತೆಯಿಂದ ಹಣ ಬಿಡಿಸಿಕೊಂಡರು. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಹೆಬ್ಬೆಟ್ಟು ಬದಲಿಸುವುದೆಲ್ಲಿ? ಬೆರಳು ಓದುವ ಭದ್ರತಾ ಕೀಲಿಗಳಲ್ಲಿ ಆ ಗುರುತು ಕೀಲಿಯೊಳಗೇ ಉಳಿಯುತ್ತದೆ, ಯಾವ ಸರ್ವರಿಗೂ ಹೋಗುವುದಿಲ್ಲ.

ಆದರೆ ಸಾದಾ ಕೀಲಿಗೆ ತನ್ನನ್ನು ಮುಟ್ಟಿದ ಬೆರಳು ಯಾರದೆಂದು ತಿಳಿಯದು. ಎಂಟು ಸಲ ತಪ್ಪು ಪಿನ್ ಹೊಡೆದರೆ ಕಳ್ಳನನ್ನು ಆಚೆ ನಿಲ್ಲಿಸುತ್ತದೆ. ಪಿನ್ನನ್ನು ಬೆನ್ನಿಗೇ ಬರೆದಿಟ್ಟರೆ ಪಾಪ ಅದೇನು ಮಾಡೀತು! ಕೊನೆಗೆ ಕಾವಲು ಮನುಷ್ಯನದೇ. ಮಾರಿಕಣಿವೆ ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. ಅದಕ್ಕೂ ಎಷ್ಟೋ ಹಿಂದಿನಿಂದ ಈ ಸೀಮೆಯ ಕೆರೆಗಳಿಗೆ ನೀರಗಂಟಿ ಇದ್ದ. ತೂಬು ಎತ್ತುವುದು ಅವನ ಕೆಲಸ. ಗೌಡರ ಗದ್ದೆ ಒಣಗುತ್ತಿದೆಯೆಂದು ಸರದಿ ತಪ್ಪಿಸಿದರೆ ಊರು ಅವನನ್ನು ಕೇಳುತ್ತಿತ್ತು. ಪಿಡಿಒ ಮಹನೀಯರೇ, ನಿಮ್ಮ ಮೇಜಿನ ಮೇಲಿರುವುದು ಊರಿನ ತೂಬು.

ಅಧ್ಯಕ್ಷರಾದ ಅಕ್ಕಂದಿರೇ, ನಾಳೆ ಕಚೇರಿಗೆ ಹೋಗಿ ಆ ಡ್ರಾಯರ್ ತೆಗೆಸಿ. ಪ್ಲಾಸ್ಟರ್ ಕಿತ್ತುಹಾಕಿ. ಪಿನ್ ಬದಲಿಸುವಾಗ ಹಿಂದೆ ಯಾರೂ ನಿಲ್ಲದಿರಲಿ. ಡೋಂಗಲ್‌ಗೆ ತೂತಿರುತ್ತದೆ, ದಾರ ಪೋಣಿಸಿ ಗೊಂಚಲಿಗೆ ಸೇರಿಸಿ. ಯಜಮಾನರು ಬಾಗಿಲಲ್ಲಿ ಬಂದು ನಿಂತರೆ ಜಗಳ ಬೇಡ. ಊಟದ ಹೊತ್ತಾಯಿತು, ಹೋಗಿ ಉಣ್ಣಿ, ಕಿಂಡಿಯ ಹತ್ತಿರ ನಾನಿದ್ದೇನೆ ಅನ್ನಿ.