ಜೋಡಿಸಿದ ಕಂಪ್ಯೂಟರಿಗೆ ಯಾವ ಪರವಾನಗಿ?

ಪಿಯುಸಿ ಮುಗಿಸಿ ಪದವಿಗೋ ಡಿಪ್ಲೊಮಾಕ್ಕೋ ಸೇರುವ ಮಕ್ಕಳಿಗೆ ಕಂಪ್ಯೂಟರ್ ಕೊಡಿಸಬೇಕಾದಾಗ ಅನೇಕ ಪಾಲಕರು ಬಿಡಿಭಾಗ ಕೊಂಡು ಜೋಡಿಸುವ ದಾರಿ ಹಿಡಿಯುತ್ತಾರೆ. ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬಸ್ಸು ಹತ್ತಿ ಬಳ್ಳಾರಿಗೆ ಬಂದು ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಕ್ಯಾಬಿನೆಟ್ ಎಂದು ಒಂದೊಂದಕ್ಕೂ ಚೌಕಾಸಿ ಮಾಡುತ್ತಾರೆ. ಕೊನೆಗೆ 'ವಿಂಡೋಸ್ ಹೇಗೆ?' ಎಂದರೆ, 'ಅದನ್ನ ಹಂಗೇ ಹಾಕಿ ಕೊಡ್ತೀವಿ ಬಿಡ್ರಿ' ಎಂಬ ಉತ್ತರ ಎಷ್ಟೋ ಕಡೆ ಸಿಗುತ್ತದೆ. ಈ 'ಹಂಗೇ' ಎಂಬ ಮಾತನ್ನು ಈ ವಾರ ಬಿಡಿಸಿ ನೋಡೋಣ.

ಯಂತ್ರಾಂಶಕ್ಕೆ ಜೀವ ತುಂಬುವುದು ಕಾರ್ಯಾಚರಣಾ ವ್ಯವಸ್ಥೆ. ಕೀಲಿಮಣೆಯ ಒತ್ತು, ಪರದೆಯ ಚಿತ್ರ, ಡಿಸ್ಕಿನ ಕಡತ ಎಲ್ಲವನ್ನೂ ನಡೆಸುವ ಮೇಸ್ತ್ರಿ ಅದು. ಆದರೆ ಕ್ಯಾಬಿನೆಟ್ ಕೊಂಡಂತೆ ಅದನ್ನು ಕೊಳ್ಳಲು ಬರುವುದಿಲ್ಲ. ನಾವು ಹಣ ಕೊಡುವುದು ಬಳಸುವ ಹಕ್ಕಿಗೆ ಮಾತ್ರ. ಹೊಲ ಖರೀದಿಗೂ ಗುತ್ತಿಗೆಗೂ ಇರುವ ವ್ಯತ್ಯಾಸ ಬಲ್ಲ ನಮ್ಮ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಗುತ್ತಿಗೆಯ ಷರತ್ತನ್ನು ಓದಿಕೊಳ್ಳಬೇಕು, ಅಷ್ಟೆ.

ವಿಂಡೋಸ್‌ನಲ್ಲಿ ಮುಖ್ಯವಾಗಿ ಎರಡು ಬಗೆಯ ಪರವಾನಗಿಗಳಿವೆ. ಮೊದಲನೆಯದು ಓಇಎಂ. ಇದು ಯಂತ್ರ ಜೋಡಿಸಿ ಮಾರುವವರಿಗಾಗಿ ಇರುವಂಥದ್ದು, ಬೆಲೆ ಕಡಿಮೆ. ಆದರೆ ಮೊದಲು ಹಾಕಿದ ಯಂತ್ರಕ್ಕೇ, ಅಂದರೆ ಅದರ ಮದರ್‌ಬೋರ್ಡಿಗೇ ಅಂಟಿಕೊಂಡಿರುತ್ತದೆ. ಮದರ್‌ಬೋರ್ಡ್ ಕೆಟ್ಟು ಬದಲಿಸಿದರೆ ವಿನಾಯಿತಿ ಉಂಟು. ಹೆಚ್ಚಿನ ಶಕ್ತಿಯದು ಬೇಕೆಂದು ಬದಲಿಸಿದರೆ ಹೊಸ ಪರವಾನಗಿ ಕೊಳ್ಳಬೇಕು. ತೊಂದರೆ ಬಂದಾಗ ನೆರವು ನೀಡುವ ಹೊಣೆ ಜೋಡಿಸಿ ಮಾರಿದವರದೇ. ಎರಡನೆಯದು ರಿಟೇಲ್. ಬೆಲೆ ಹೆಚ್ಚು, ಆದರೆ ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು. ಒಂದು ಸಲಕ್ಕೆ ಒಂದೇ ಯಂತ್ರದಲ್ಲಿ. ಓಇಎಂ ಎಂದರೆ ಗೊತ್ತಾದ ಮಾರ್ಗಕ್ಕಷ್ಟೇ ಸಲ್ಲುವ ವಿದ್ಯಾರ್ಥಿ ಬಸ್ ಪಾಸ್ ಇದ್ದಂತೆ. ಮಾರ್ಗ ಬದಲಾದರೆ ಪಾಸು ನಡೆಯದು. ಮನೆಯಲ್ಲಿ ತಾವೇ ಜೋಡಿಸಿಕೊಂಡು, ಎರಡು ಮೂರು ವರ್ಷಕ್ಕೊಮ್ಮೆ ಭಾಗ ಬದಲಿಸುವ ಇರಾದೆ ಇರುವವರಿಗೆ ರಿಟೇಲ್ ಸೂಕ್ತ.

ಇನ್ನು ಅಂತರ್ಜಾಲದಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ 'ಕೀ'ಗಳು. ಸಂಸ್ಥೆಗಳಿಗೆ ಸಗಟಾಗಿ ಕೊಟ್ಟ ಕೀಲಿಗಳನ್ನು ಬಿಡಿಯಾಗಿ ಮಾರುವವರು ಇವರಲ್ಲಿ ಅನೇಕರು. ಇಂದು ಕೆಲಸ ಮಾಡಿದ ಕೀಲಿಯನ್ನು ಕಂಪನಿ ನಾಳೆ ತಡೆಹಿಡಿಯಬಹುದು. ಕೊಟ್ಟ ಹಣಕ್ಕೆ ಕೇಳುವವರೂ ಸಿಗುವುದಿಲ್ಲ.

'ಹಂಗೇ' ಹಾಕಿಸಿಕೊಂಡರೆ ಏನಾದೀತು? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ತಂತ್ರಾಂಶವನ್ನು ಸಾಹಿತ್ಯ ಕೃತಿಯ ಸಾಲಿಗೆ ಸೇರಿಸುತ್ತದೆ. 1994ರ ತಿದ್ದುಪಡಿಯಲ್ಲಿ ಬಂದ 63ಬಿ ಕಲಂ ಪ್ರಕಾರ, ನಕಲಿ ಎಂದು ತಿಳಿದೂ ಬಳಸಿದವರಿಗೆ 7 ದಿನದಿಂದ 3 ವರ್ಷದವರೆಗೆ ಸೆರೆವಾಸ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಉಂಟು. ವ್ಯಾಪಾರಕ್ಕಾಗಿ ಬಳಸದಿದ್ದರೆ ನ್ಯಾಯಾಲಯ ಸೆರೆವಾಸ ಬಿಟ್ಟು 50 ಸಾವಿರದವರೆಗೆ ದಂಡ ಮಾತ್ರ ವಿಧಿಸಬಹುದು. ಕಾನೂನಿಗಿಂತ ಹತ್ತಿರದ ಅಪಾಯ ಇನ್ನೊಂದಿದೆ. ಬೀಗ ಒಡೆದ ತಂತ್ರಾಂಶ ಹಾಕುವಾಗ ಮೊದಲು ವೈರಸ್ ನಿರೋಧಕವನ್ನು ಆರಿಸಲು ಹೇಳುತ್ತಾರೆ. ಆಗ ಒಳಗೆ ಏನು ನುಗ್ಗಿತೆಂದು ಯಾರಿಗೂ ತಿಳಿಯದು. ಅದೇ ಯಂತ್ರದಲ್ಲಿ ಮಗಳು ವಿದ್ಯಾರ್ಥಿವೇತನಕ್ಕೆ ಅರ್ಜಿ ತುಂಬುತ್ತಾಳೆ. ತಂದೆ ಬ್ಯಾಂಕಿನ ಖಾತೆ ತೆರೆದು ಭತ್ತ ಮಾರಿದ ಹಣ ಬಂದಿದೆಯೇ ಎಂದು ನೋಡುತ್ತಾರೆ.

ಹಾಗಾದರೆ ಹಣವಿಲ್ಲದವರು ಏನು ಮಾಡಬೇಕು? ಅವರಿಗೂ ನೇರವಾದ ದಾರಿ ಇದೆ. 1991ರಲ್ಲಿ ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ತನ್ನ ಕಂಪ್ಯೂಟರಿಗಾಗಿ ಬರೆದ ತಿರುಳೇ ಲಿನಕ್ಸ್. ಮರುವರ್ಷ ಅದನ್ನು ಆತ ಜಿಪಿಎಲ್ ಎಂಬ ಪರವಾನಗಿಗೆ ಒಳಪಡಿಸಿದ. 1983ರಲ್ಲಿ ಗ್ನೂ ಯೋಜನೆ ಘೋಷಿಸಿದ ರಿಚರ್ಡ್ ಸ್ಟಾಲ್‌ಮನ್ ರೂಪಿಸಿದ ಪರವಾನಗಿ ಅದು. ಬಳಸಲು, ಒಳಗಿನ ರಚನೆ ಓದಲು, ತಿದ್ದಲು, ಹಂಚಲು ಅದು ಹಕ್ಕು ಕೊಡುತ್ತದೆ. ತಿದ್ದಿ ಹಂಚಿದವರು ಅದೇ ಹಕ್ಕನ್ನು ಮುಂದಿನವರಿಗೂ ಕೊಡಬೇಕೆಂಬುದಷ್ಟೇ ಷರತ್ತು. ಮನೆಯಲ್ಲಿ ಉಳಿಸಿಕೊಂಡ ಬಿತ್ತನೆ ಬೀಜವನ್ನು ನೆರೆಯವನಿಗೂ ಕೊಟ್ಟಂತೆ. ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಪದದಿಂದ ಗೊಂದಲವಾಗುತ್ತದೆ. ಕನ್ನಡದಲ್ಲಿ 'ಮುಕ್ತ' ಬೇರೆ, 'ಉಚಿತ' ಬೇರೆ. ಲಿನಕ್ಸ್ ಮುಕ್ತ. ಉಬುಂಟು, ಡೆಬಿಯನ್ ಮುಂತಾದ ರೂಪಗಳಲ್ಲಿ ಉಚಿತವೂ ಹೌದು. ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ ಹೊರತಂದ ಬಾಸ್ ಲಿನಕ್ಸ್ ಭಾರತೀಯ ಭಾಷೆಗಳಿಗೆಂದೇ ಸಿದ್ಧವಾದದ್ದು.

ಇದು ನಮ್ಮ ಮಕ್ಕಳಿಗೆ ಆಗಿಬರುವುದೇ ಎಂಬ ಅನುಮಾನ ಬೇಡ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳದ ಇತರ ಶಾಲೆಗಳಂತೆಯೇ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಅವರ ಪಠ್ಯಪುಸ್ತಕವೂ ಕನ್ನಡದಲ್ಲಿದೆ.

ಆಯ್ಕೆಯನ್ನು ಓದಿಗೆ ತಕ್ಕಂತೆ ಮಾಡಿ. ಸಿ, ಪೈಥಾನ್ ಕಲಿಯುವವರಿಗೆ, ಬರಹ ಮತ್ತು ಅಂತರ್ಜಾಲ ಸಾಕೆನ್ನುವವರಿಗೆ ಲಿನಕ್ಸ್ ಧಾರಾಳ. ಟ್ಯಾಲಿ ಕಲಿತು ಅಕ್ಕಿ ಗಿರಣಿಯ ಲೆಕ್ಕ ಬರೆಯಲಿರುವ ವಾಣಿಜ್ಯ ವಿದ್ಯಾರ್ಥಿಗೆ, ಆಟೋಕ್ಯಾಡ್ ಬೇಕಾದ ಡಿಪ್ಲೊಮಾ ವಿದ್ಯಾರ್ಥಿಗೆ ವಿಂಡೋಸ್ ಬೇಕಾದೀತು. ಅವರು ಅದರ ಬೆಲೆಯನ್ನು ಮೊದಲೇ ಬಜೆಟ್ಟಿನಲ್ಲಿ ಸೇರಿಸಲಿ. ಕ್ಯಾಬಿನೆಟ್ಟಿನ ಬಣ್ಣದ ದೀಪ ಬಿಟ್ಟರೂ ನಡೆದೀತು. ಹಳೆಯ ಭಾಗ ಕೊಳ್ಳುವವರು ಇನ್ನೊಂದು ಮಾತು ನೆನಪಿಡಬೇಕು: ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹದ ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷಾ ವ್ಯವಸ್ಥೆಯೂ ಬೇಕು. ಅದಿಲ್ಲದ ಯಂತ್ರಕ್ಕೆ ಲಿನಕ್ಸ್ ಒಳ್ಳೆಯ ಆಸರೆ.

ಅಂಗಡಿಯಲ್ಲಿ ಬಿಲ್ಲು ಕೇಳಿ. ಅದರಲ್ಲಿ ತಂತ್ರಾಂಶದ ಹೆಸರು, ಓಇಎಂ ಅಥವಾ ರಿಟೇಲ್ ಎಂಬುದು, ಬೆಲೆ ಬರೆದಿರಲಿ. ಬರೆಯಲು ಹಿಂಜರಿದರೆ ಅಲ್ಲಿಗೇ ಉತ್ತರ ಸಿಕ್ಕಂತಾಯಿತು.

ಪರೀಕ್ಷೆಯಲ್ಲಿ ನಕಲು ಮಾಡಬೇಡ ಎಂದು ಮಕ್ಕಳಿಗೆ ಹೇಳುವವರು ನಾವೇ. ನಾಳೆ ಆ ಮಕ್ಕಳಲ್ಲಿ ಕೆಲವರಾದರೂ ತಂತ್ರಾಂಶ ಬರೆದು ಅದರಿಂದಲೇ ಅನ್ನ ದುಡಿಯಬೇಕಾದವರು. ಇನ್ನೊಬ್ಬರ ದುಡಿಮೆಗೆ ಬೆಲೆ ಕೊಡುವುದು, ಅಥವಾ ಅವರೇ ಮನಸಾರೆ ಹಂಚಿದ್ದನ್ನು ಕೃತಜ್ಞತೆಯಿಂದ ಪಡೆಯುವುದು, ಈ ಎರಡರಲ್ಲಿ ಯಾವುದಾದರೂ ಒಂದು ಪಾಠದಿಂದ ಮನೆಯ ಮೊದಲ ಕಂಪ್ಯೂಟರ್ ಶುರುವಾಗಲಿ.